ಮಾರುವವರೇ ಇಲ್ಲದ ಸರಕು

"ಈ ಸ್ವರ ಬರಿಯೂ ಸಾಫ್ಟ್‌ವೇರ್‌ಗೆ ಕಡೀ ರೇಟ್ ಎಷ್ಟು ಹೇಳ್ರಿ ಅಕ್ಕಾರ" ಎಂದು ನಾನು ಕೇಳಿದಾಗ ಸಂಗೀತ ಶಿಕ್ಷಕಿ ಗಿರಿಜಕ್ಕ ನಕ್ಕೇಬಿಟ್ಟರು. ಕುಂದಗೋಳದಲ್ಲಿ ನನ್ನದೊಂದು ಮದುವೆ ಬ್ಯಾಂಡ್ ಇದೆ. ಮರುದಿನದ ಮೆರವಣಿಗೆಗೆ ಹೊರಗಿನ ಕ್ಲಾರಿಯೊನೆಟ್‌ನವರು ಬರುವವರಿದ್ದರು. ನಮ್ಮ ಧಾಟಿ ಅವರಿಗೆ ಗೊತ್ತಿಲ್ಲ. ಸ್ವರ ಬರೆದು ಕೊಡದಿದ್ದರೆ ಬೀಗರ ಮುಂದೆ ಮಾನ ಹೋಗುತ್ತಿತ್ತು. ಅಕ್ಕ ಆ ಸ್ವರಗಳನ್ನು ಲ್ಯಾಪ್‌ಟಾಪಿನಲ್ಲಿ ಚೆಂದಾಗಿ ಮೂಡಿಸಿದ್ದರು.

"ಇದು ಪುಕ್ಕಟ್ಟೆರಿ ಕಾಕಾ. ಕಂಪ್ಯೂಟರಿನ್ಯಾಗ ಅಚ್ಚಾದ ಸ್ವರ ಚಂದ ಕಾಣವಲ್ದು ಅಂತ ಪರದೇಶದಾಗ ಇಬ್ಬರು ವಾದ್ಯ ಬಾರಸೋರು ಶುರು ಮಾಡಿದ್ರು. ಆಮ್ಯಾಲೆ ದೇಶದೇಶದವರು ಕೈ ಹಚ್ಚಿ ಬೆಳಸ್ಯಾರ."

"ಅಂದ್ರ ನಮ್ಮ ಮುಯ್ಯಾಳಿನ ಗತೆ ಅನ್ರಿ!" ಎಂದೆ. ಬಿತ್ತನೆಗೆ ಒಬ್ಬರ ಹೊಲಕ್ಕೆ ಎಲ್ಲರೂ ಎತ್ತು ಹೊಡೆದುಕೊಂಡು ಹೋಗುವ ಪದ್ಧತಿ ನಮ್ಮದು. ಆದರೆ ಮುಯ್ಯಿಯನ್ನು ತಿರುಗಿ ಮಾಡಲೇಬೇಕಲ್ಲ! ನನ್ನಲ್ಲಿದ್ದದ್ದು ಸಲಹೆ, ಅದನ್ನೇ ಕೊಟ್ಟೆ: "ಧಾಟಿ ಅರ್ಧಕ್ಕ ಹಾಳಿ ಮುಗಿತೈತ್ರಿ. ನಡಕೋತ ಬಾರಸಾವ ಹಾಳಿ ತಿರುವಾಕ ಮೂರನೇ ಕೈ ಎಲ್ಲಿಂದ ತರಬೇಕು? ಆ ಪರದೇಶದವ್ರಿಗೆ ಹೇಳ್ರಿ."

ಅಕ್ಕ ಧಾಟಿಯನ್ನು ಒಂದೇ ಹಾಳೆಗೆ ಕೂಡಿಸಿದರು. ನನ್ನ ಮಾತನ್ನೂ ಇಂಗ್ಲಿಷಿನಲ್ಲಿ ಬರೆದು ಕಳಿಸಿದರು. ಮೆರವಣಿಗೆ ಅಗದಿ ರಂಗೇರಿತು. ಕೆಲವು ದಿನಗಳಲ್ಲಿ, 'ಒಳ್ಳೆಯ ಮಾತು ಹೇಳಿದಿರಿ, ವಿಚಾರ ಮಾಡುತ್ತೇವೆ' ಎಂದು ಉತ್ತರವೂ ಬಂತು.

ಪುಕ್ಕಟೆ ಪಡೆದವರು ನೀವೂ ಸುಮ್ಮನಿರಬೇಡಿ, ಕೈಲಾದ ಮುಯ್ಯಿ ಮಾಡಿ. ಯಾರೂ ಕೇಳದೆ ಕೊಟ್ಟ ನನ್ನ ಸಲಹೆಗೆ ಶಾಭಾಸ್ ಸಿಕ್ಕಿದ್ದು ಇದೇ ಮೊದಲು. ಆ ಉತ್ತರವನ್ನು ನನ್ನ ಮನೆಯವಳ ಮುಂದೆ ಅಕ್ಕನಿಂದಲೇ ಓದಿಸಿದೆ.