ಅತ್ತೆ ಬಿಡಿಸಿದ ಜೂಜುಕೋರರು

ಈಗ ಯಾರ ಬಾಯಲ್ಲೂ ಆ ಪತ್ತೇದಾರಿ ಕಾದಂಬರಿಯ ಮಾತಿಲ್ಲ. ಅಷ್ಟು ಚೆನ್ನಾದದ್ದನ್ನು ನಾನಂತೂ ಆಮೇಲೆ ಓದಲಿಲ್ಲ. ಯುದ್ಧದ ಕಾಲ. ನಾನು ಗುತ್ತಲಿನ ಒಕ್ಕಲು ಮನೆಗೆ ಸೊಸೆಯಾಗಿ ಬಂದ ಹೊಸತು. ಮದ್ದೂರಿನಿಂದ ನನ್ನಣ್ಣ ಆ ಸಣ್ಣ ಪುಸ್ತಕವನ್ನು ಹಬ್ಬದ ಸೀರೆಯೊಳಗೆ ಸುತ್ತಿ ತಂದುಕೊಟ್ಟಿದ್ದ. ಸೀಮೆಎಣ್ಣೆಗೆ ಬರ, ಓದುವುದಾದರೆ ಹಗಲೇ ಓದಬೇಕು. ಹಗಲೆಲ್ಲ ಅತ್ತೆಯ ಕಣ್ಣು.

ಯುಗಾದಿಯ ಮಾರನೇ ದಿನ, ಹೊಸತೊಡಕು. ಬಾಡೂಟ ಮುಗಿಸಿ ಗಂಡಸರು ಜಗುಲಿಯಲ್ಲಿ ಇಸ್ಪೀಟಿಗೆ ಕೂತರು. ನಮ್ಮ ಕಡೆ ಯುಗಾದಿಗೆ ಇಸ್ಪೀಟು ಆಡದವನು ಗಂಡಸೇ ಅಲ್ಲ. ಪೊಲೀಸರೂ ಹಬ್ಬ ಮುಗಿಯುವತನಕ ಕಂಡೂ ಕಾಣದ ಹಾಗೆ ಇರುತ್ತಿದ್ದರು. ರಾತ್ರಿಯ ಸಾರು ಕುದಿಯುತ್ತಿದ್ದ ಒಲೆಯ ಮುಂದೆ ನಾನು ಪುಸ್ತಕ ಬಿಚ್ಚಿದ್ದೇ ತಡ, ಅತ್ತೆ ಹಿಂದೆ ನಿಂತಿದ್ದರು.

"ಏನಮ್ಮಿ ಅದು? ಓದು, ಕೇಳ್ತೀನಿ. ಕೆಟ್ಟದ್ದಿದ್ರೆ ಒಲೆಗೇ ಆಕ್ಬುಡ್ತೀನಿ."

ಹಾಕುವವರೇ ಅವರು. ಮೊದಲಿನಿಂದ ಓದಿದೆ. ಪಟ್ಟಣದ ಜವಳಿ ಅಂಗಡಿಯ ಹಿಂದೆ ಕದ್ದು ನಡೆಯುವ ಜೂಜಿನ ಮನೆ, ಅಲ್ಲೊಂದು ಕೊಲೆ, ವೇಷ ಮರೆಸಿ ಬಂದ ಇನ್ಸ್‌ಪೆಕ್ಟರು. ಅತ್ತೆ ಸೌದೆ ಮುಂದೂಡುವುದನ್ನೇ ಮರೆತರು. ನನಗೆ ಒಳಗೊಳಗೇ ಖುಷಿ. ಕೊನೆಗೆ ಇನ್ಸ್‌ಪೆಕ್ಟರು ಕೊಲೆಗಾರನಿಗಷ್ಟೇ ಅಲ್ಲ, ಆಡುತ್ತಿದ್ದವರಿಗೆಲ್ಲ ಬೇಡಿ ಹಾಕಿದರು. ಅತ್ತೆ ಹುಬ್ಬು ಗಂಟಿಕ್ಕಿದರು.

"ಆಡ್ದೋರ್ನ ಯಾಕಮ್ಮಿ ಇಡ್ದ? ಅಬ್ಬ ಅಲ್ವಾ?"

"ಹಬ್ಬ ಅಂತ ಬರೆದಿಲ್ಲ ಅತ್ತೆ."

"ಬರೀದಿದ್ರೆ ಅಬ್ಬ ಬರಕಿಲ್ವಾ? ಬರ್ದೋನ್ಗೆ ಗ್ಯಾನ ಇಲ್ಲ."

ಪುಸ್ತಕ ಕಿತ್ತುಕೊಂಡರು. ಒಲೆಯ ಬಾಯಿಗೂ ಅದಕ್ಕೂ ಗೇಣು ದೂರ. ಅಷ್ಟರಲ್ಲಿ ಜಗುಲಿಯಿಂದ ನನ್ನ ಗಂಡ ಆಟ ಗೆದ್ದು ನಗುವುದು ಕೇಳಿಸಿತು. ಅತ್ತೆ ಮಗ ಕೂತಿದ್ದ ಜಗುಲಿಯ ಕಡೆ ಒಮ್ಮೆ ನೋಡಿ ಪುಸ್ತಕವನ್ನು ನನ್ನ ಮಡಿಲಿಗೆ ಹಾಕಿದರು.

"ಕೊಂದೋನ್ನ ಎಳ್ಕಂಡ್ ಓಗ್ಲಿ. ಆಡ್ದೋರ್ನ ಬುಟ್ಬುಡು. ಅಂಗೇ ಓದು ಇನ್ನೊಂದ್ ಸಲ."

ಹಾಗೇ ಓದಿದೆ. ಬೇಡಿ ಬಿಚ್ಚಿಸಿ ಆಡಿದವರನ್ನೆಲ್ಲ ಕಳಿಸಿದೆ.

"ಉಣ್ಣೊತ್ಗೆ ಮನೆ ಸೇರ್ಕಂಡ್ರಾ?"

"ಸೇರಿಕೊಂಡರು ಅತ್ತೆ."

"ಅಂಗಾರೆ ಒಳ್ಳೆ ಪುಸ್ತ್ಕ. ನಿಮ್ಮಣ್ಣುಂಗೆ ಇನ್ನೊಂದ್ ತರಾಕೇಳು."

ಆಮೇಲೆ ಎಷ್ಟೋ ಪುಸ್ತಕ ಬಂದವು. ಆದರೂ ಪ್ರತಿ ಹೊಸತೊಡಕಿಗೂ ಅವರು ತೆಗೆಸಿ ಓದಿಸುತ್ತಿದ್ದುದು ಅದನ್ನೇ. ಅವರು ತೀರಿಕೊಂಡ ವರ್ಷ ಒಬ್ಬಳೇ ಒಲೆಯ ಮುಂದೆ ಕೂತು, ಅಚ್ಚಾದಂತೆಯೇ ಓದೋಣವೆಂದು ಗಟ್ಟಿಯಾಗಿ ಶುರುಮಾಡಿದೆ. ಬೇಡಿಯ ಪುಟ ಬಂದಾಗ ನನ್ನ ಬಾಯಿ ತಾನಾಗಿ ಎಲ್ಲರನ್ನೂ ಊಟಕ್ಕೆ ಮನೆಗೆ ಕಳಿಸಿತು.