ಬರೀ ನೀರಿಗೂ ಹೊಳೆದ ಬೇರು

ಮೊನ್ನೆ ಪಾರ್ವತಿನಗರದ ನಮ್ಮ ಪಕ್ಕದ ಮನೆಯಿಂದ ಬೆಳ್ಳುಳ್ಳಿ ಒಗ್ಗರಣೆಯ ಘಮ ಬಂದಾಗ ಇದ್ದಕ್ಕಿದ್ದಂತೆ ಅಕ್ಕ ನೆನಪಾದಳು. ನಮ್ಮ ಪ್ರಯೋಗಾಲಯದಲ್ಲಿ ಬಣ್ಣ ಕರಗಿಸುವ ದ್ರಾವಣವೊಂದಿತ್ತು. ಅದು ಕೈಗೆ ತಗುಲಿದರೆ ಸ್ವಲ್ಪ ಹೊತ್ತಿಗೆಲ್ಲ ಬಾಯಲ್ಲಿ ಬೆಳ್ಳುಳ್ಳಿಯ ರುಚಿ. ಅಕ್ಕನ ಬಳಿ ಸದಾ ಅದೇ ವಾಸನೆ…

ಒಡಹುಟ್ಟಿದವಳಲ್ಲ; ಕುರುಗೋಡಿನವಳು, ಸಂಶೋಧನೆಯಲ್ಲಿ ನನಗಿಂತ ಹಿರಿಯಳು, ಅದಕ್ಕೇ ಅಕ್ಕ. ಸಿರುಗುಪ್ಪದ ಗದ್ದೆಗಳಲ್ಲಿ ಉಪ್ಪು ಏರಿದರೆ ಭತ್ತದ ಬೇರಿಗೆ ಅದು ಹೇಗೆ ತಿಳಿಯುತ್ತದೆ ಎನ್ನುವುದು ಅವಳ ವಿಷಯ. ಉಪ್ಪು ತಾಕಿದೊಡನೆ ಬೇರಿನ ಜೀವಕೋಶಗಳೊಳಗೆ ಕ್ಯಾಲ್ಸಿಯಂ ಏರುತ್ತದೆ. ಅದನ್ನು ಅಳೆಯಲು ಕೋಶದೊಳಕ್ಕೆ ಬಣ್ಣ ಸೇರಿಸಬೇಕು. ಕ್ಯಾಲ್ಸಿಯಂ ಸಿಕ್ಕರೆ ಬಣ್ಣ ಹಸಿರಾಗಿ ಹೊಳೆಯುತ್ತದೆ. ಬಣ್ಣ ಹೆಚ್ಚಾದರೆ ಅಳೆಯಬೇಕಾದ ಕ್ಯಾಲ್ಸಿಯಂ ಅನ್ನು ಅದೇ ನುಂಗಿಬಿಡುತ್ತದೆ. ಕಡಿಮೆಯಾದರೆ ಏನೂ ಕಾಣದು. ಹೊಳಪು ಕಾಣಲೆಂದು ಬಿಡುವ ಬೆಳಕು ಜೋರಾದರೆ ಕೋಶವೇ ಸಾಯುತ್ತದೆ.

ವರ್ಷಗಟ್ಟಲೆ ಒದ್ದಾಡಿದ ಮೇಲೆ ಬೇರು ಹೊಳೆಯಿತು. ಉಪ್ಪುನೀರು ಬಿಟ್ಟಾಗಲೆಲ್ಲ ಹೊಳೆಯಿತು. ಮಾರ್ಗದರ್ಶಕರು ಆ ವಾರವೇ ಲೇಖನ ಕಳಿಸಲು ಅವಸರ ಮಾಡಿದರು. ಅಕ್ಕನ ಫೆಲೋಶಿಪ್ ಮುಗಿಯುತ್ತ ಬಂದಿತ್ತು. ಆದರೂ ಅವಳಿಗೆ ಸಮಾಧಾನವಿರಲಿಲ್ಲ.

“ಉಪ್ಪಿಗೆ ಹೊಳೀತಲ್ಲಮ್ಮ, ಇನ್ನೇನ್ ಬೇಕು?” ಎಂದರು ಅವರು.

“ಬರೀ ನೀರಿಗೂ ಹೊಳದ್ರ ಏನ್ ಮಾಡೋಣ್ರಿ, ಸರ್?”

ಅವರೂ ನಮ್ಮಿಬ್ಬರ ಜೊತೆ ಸೂಕ್ಷ್ಮದರ್ಶಕದ ಕೋಣೆಗೆ ಬಂದರು. ಮಟಮಟ ಮಧ್ಯಾಹ್ನ ಪರದೆ ಎಳೆದು ಕೋಣೆ ಕತ್ತಲಾಗಿಸಿದೆವು. ಅಕ್ಕ ಹೊಸ ಬೇರನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಉಪ್ಪಿಲ್ಲದ ಒಂದು ಹನಿ ನೀರು ಬಿಟ್ಟಳು. ಮೂವರೂ ಕಂಪ್ಯೂಟರಿನ ಪರದೆಯನ್ನೇ ನೋಡುತ್ತ ನಿಂತೆವು. ಕಪ್ಪು. ಕಪ್ಪಾಗಿಯೇ ಇರಲಪ್ಪಾ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ. ಅಕ್ಕ ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದಿದ್ದಳು. ಒಂದು ಮೂಲೆಯಲ್ಲಿ ಹಸಿರು ಚುಕ್ಕೆ ಕಂಡಿತು. ನೋಡನೋಡುತ್ತ ಬೇರಿನ ತುಂಬ ಹರಡಿತು.

ಹನಿ ಬಿದ್ದ ಪೆಟ್ಟಿಗೇ ಬೇರು ಬೆಚ್ಚಿತ್ತು. ಇಷ್ಟು ದಿನ ಅಳೆದದ್ದರಲ್ಲಿ ಉಪ್ಪಿನದೆಷ್ಟು, ನಮ್ಮ ಕೈಯದೆಷ್ಟು… ಯಾರು ಹೇಳಬೇಕು?

ಮರುದಿನ ಮಾರ್ಗದರ್ಶಕರು, ಆ ಒಂದು ಚಿತ್ರ ಬಿಟ್ಟು ಉಳಿದದ್ದನ್ನು ಕಳಿಸಬಹುದಲ್ಲ ಎಂದು ತಗ್ಗಿದ ದನಿಯಲ್ಲಿ ಕೇಳಿದರು. ಅಕ್ಕ ಒಪ್ಪಲಿಲ್ಲ. ಲೇಖನ ನಿಂತಿತು. ಅವಳು ಮೊದಲಿನಿಂದ ಶುರು ಮಾಡಿದಳು: ಬೇರಿನ ಮೇಲೆ ಮೆಲ್ಲಗೆ ನೀರು ಹರಿಯಬಿಟ್ಟು, ಅದು ಶಾಂತವಾದ ಮೇಲೆ ಆ ಹರಿವಿನಲ್ಲೇ ಉಪ್ಪು ಸೇರಿಸಿದಳು. ಈ ಸಲವೂ ಹೊಳಪು ಬಂತು. ತೀರಾ ಮಂಕು, ಆದರೆ ಅದು ಉಪ್ಪಿನದೇ. ಸಾಕಷ್ಟು ಅಳತೆಗಳು ಕೂಡುವ ಮೊದಲೇ ಫೆಲೋಶಿಪ್ ಮುಗಿಯಿತು. ಅಕ್ಕ ಸಿರುಗುಪ್ಪದ ಕಾಲೇಜೊಂದರಲ್ಲಿ ಪಾಠ ಮಾಡಲು ಸೇರಿದಳು. ಪಿಎಚ್.ಡಿ. ಅಲ್ಲಿಗೇ ಉಳಿಯಿತು.

ಕಳೆದ ವರ್ಷ, ಜ್ವರವೆಂದು ಆಸ್ಪತ್ರೆ ಸೇರಿದವಳು ಮನೆಗೆ ಮರಳಲಿಲ್ಲ.

ಕುರುಗೋಡಿಗೆ ಹೋದಾಗ ಅವಳ ತಾಯಿ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಕೇಳಿದರು: “ಆಕಿ ಕೆಲಸ ತಪ್ಪಾಗಿತ್ತೇನವ್ವಾ? ಅದಕ್ಕ ಪದವಿ ಕೊಡ್ಲಿಲ್ಲೇನು?”

“ಇಲ್ಲವ್ವ. ತಪ್ಪು ನಮಗ್ಯಾರಿಗೂ ಕಾಣ್ಲಿಲ್ಲ. ಆಕಿ ಒಬ್ಬಾಕೀನೇ ಹಿಡಿದ್ಲು.”

ಅಕ್ಕ ಮನೆಯಲ್ಲಿ ಒಂದು ದಿನವೂ ಇದನ್ನು ಹೇಳಿರಲಿಲ್ಲವಂತೆ.

ಈಗ ನನ್ನ ಕೆಲಸದಲ್ಲೂ ಒಮ್ಮೊಮ್ಮೆ ಫಲಿತಾಂಶ ಬಯಸಿದ್ದಕ್ಕಿಂತ ಚೆನ್ನಾಗಿ ಬಂದುಬಿಡುತ್ತದೆ. ಆಗ ಪಕ್ಕಕ್ಕೆ ತಿರುಗುತ್ತೇನೆ. ಅನುಮಾನಪಡಲು ಅಲ್ಲಿ ಯಾರೂ ಇರುವುದಿಲ್ಲ…