ಖುರ್ಷೀದಳ ದನಿಗೆ ಕಾವಲು ಕಟ್ಟಿದ ದೊರೆಸ್ವಾಮಿ

ಗುಂಡ್ಲುಪೇಟೆಯಿಂದ ಮಗಳು ಫರಹತಳ ಫೋನ್ ಬಂದಾಗ ನಾನು ಬೆಳಗಿನ ನಮಾಜು ಮುಗಿಸಿ ಚಾಪೆ ಮಡಿಸುತ್ತಿದ್ದೆ. "ಅಬ್ಬಾ, ಅಮ್ಮೀ ಏಳ್ತಾ ಇಲ್ಲ" ಎಂದಳು. ಮಗಳ ಮನೆಗೆ ಎರಡು ದಿನಕ್ಕೆಂದು ಹೋಗಿದ್ದ ನನ್ನ ಹೆಂಡತಿ ಖುರ್ಷೀದ್ ಬೇಗಂ ನಿದ್ದೆಯಲ್ಲೇ ತೀರಿಹೋಗಿದ್ದಳು. ಹೊರಗೆ ಬಂದರೆ ಚಾಮರಾಜನಗರದ ನಮ್ಮ ಬೀದಿಯ ಕಂಬದ ಮೇಲೆ ಒಬ್ಬರು ಹರಿದ ತಂತಿ ಸೇರಿಸುತ್ತಿದ್ದರು. ನನ್ನ ಮುಖ ನೋಡಿ ಇಳಿದು ಬಂದರು. ಏನೂ ಕೇಳದೆ ಅಂಗಳದಲ್ಲಿ ಕುರ್ಚಿ ಹಾಕತೊಡಗಿದರು. ಅವರೇ ದೊರೆಸ್ವಾಮಿ.

ಉಮ್ಮತ್ತೂರಿನ ದೊರೆಸ್ವಾಮಿ ಮೊದಲು ಕೂಲಿ ಮಾಡುತ್ತಿದ್ದರು, ಆಮೇಲೆ ಟೀವಿ ಕೇಬಲ್ ಎಳೆದರು. ಈಗ ಮನೆಮನೆಗೆ ಇಂಟರ್ನೆಟ್ ತಂತಿ ತರುತ್ತಾರೆ. ಬೆಳಕು ಹರಿಯುವ ಮೊದಲೇ ಏಣಿ ಹೆಗಲೇರುತ್ತದೆ. ಕಬ್ಬಿನ ಲೋಡು ಓಡಾಡುವ ಕಾಲದಲ್ಲಿ ದಿನಕ್ಕೆ ಏಳೆಂಟು ಕಡೆ ತಂತಿ ಹರಿದಿರುತ್ತದೆ. ಒಮ್ಮೆ ಜೇನು ಕಡಿದು ಕಣ್ಣು ಊದಿ ಮುಚ್ಚಿಹೋಗಿತ್ತು. "ನೆಟ್ ಯಾವಾಗ ಬತ್ತದೆ ಅಂತ ಎಲ್ರೂ ಕೇಳುದ್ರು. ಕಣ್ಣು ಯಾವಾಗ ಬತ್ತದೆ ಅಂತ ಒಬ್ರೂ ಕೇಳ್ನಿಲ್ಲ" ಎಂದು ನಗುತ್ತಾರೆ.

ಖುರ್ಷೀದ್ ಕುರ್‌ಆನ್ ಓದುತ್ತಿದ್ದುದನ್ನು ಫರಹತ್ ಫೋನಿನಲ್ಲಿ ಹಿಡಿದು, ನಮ್ಮ ಮನೆಯ ರೂಟರಿಗೆ ಸಿಕ್ಕಿಸಿದ ಸಣ್ಣ ಡಿಸ್ಕಿನಲ್ಲಿ ಇಟ್ಟಿದ್ದಾಳೆ. ಗುಂಡ್ಲುಪೇಟೆಯಲ್ಲೇ ಕುಳಿತು ಪ್ರತಿ ಬೆಳಗ್ಗೆ ಕೇಳುತ್ತಾಳೆ. ಪರರ ಎದುರು ದನಿ ಎತ್ತದ ಹೆಂಗಸಿನ ಓದು ಅದು, ಮನೆಯವರಿಗೆ ಮಾತ್ರ. ಆದರೆ ಸಾವಿನ ಮನೆಯ ಬಾಗಿಲು ಹಾಕುವ ಪದ್ಧತಿ ನಮ್ಮಲ್ಲಿಲ್ಲ. ಬಂದವರಿಗೆ ಅನುಕೂಲವಾಗಲೆಂದು ಮಗ ಅಮ್ಜದ್ ವೈಫೈ ಪಾಸ್‌ವರ್ಡನ್ನೂ ಚಪ್ಪಲಿ ಬಿಡುವ ಜಾಗದ ಗೋಡೆಗೆ ಅಂಟಿಸಿದ. ಕುರ್ಚಿಗಳು ಹೋದವು, ಚೀಟಿ ಉಳಿಯಿತು.

ನೆಟ್ ನಿಧಾನವೆಂದು ನೋಡಲು ಬಂದ ದೊರೆಸ್ವಾಮಿ ಹಣೆ ಚಚ್ಚಿಕೊಂಡರು. "ಮನೇಲಿರದು ಇಬ್ರು. ಒಳಗೆ ಹತ್ತೊಂಬತ್ತು ಫೋನ್ ಕೂತವೆ ಮೇಷ್ಟ್ರೇ! ಎದುರುಗಡೆ ಬೇಕರಿ ಟೀವಿನೂ ನಿಮ್ಮನೇಲೇ ಉಣ್ತಾ ಅದೆ." ಮತ್ತೆ ಮುಖ ಗಂಭೀರವಾಯಿತು. ಅಕ್ಕ ಕೇಳಲೆಂದು ಅಮ್ಜದ್ ಇಂಟರ್ನೆಟ್ಟಿನಲ್ಲಿ ಊರಾಚೆಯಿಂದ ಡಿಸ್ಕಿಗೆ ಬರುವ ದಾರಿಯನ್ನೂ ಎಲ್ಲರಿಗೂ ತೆರೆದೇ ಬಿಟ್ಟಿದ್ದ. "ಈ ಡಿಸ್ಕ ಯಾರ್ ಬೇಕಾದ್ರೂ ತಗ್ದು ಕೇಳಂಗದೆ." ಅದು ಪರರು ಕೇಳಬಾರದ ಓದು ಎಂದೆ.

ಫೈರ್‌ವಾಲ್ ಹಾಕಬೇಕು ಎಂದರು. ಅದನ್ನು ಎಲ್ಲಿಂದ ತರುವುದು ಎಂದು ಕೇಳಿದೆ.

"ತರದೇನ ಬಂತು, ಈ ಡಬ್ಬೀಲೇ ಅದೆ, ಯಾರೂ ಆನ್ ಮಾಡ್ನಿಲ್ಲ. ಎಲ್ಲಾ ಬಾಗ್ಲೂ ಹಾಕ್ಬುಟ್ಟು ಬೇಕಾದೋರ್ಗೆ ಮಾತ್ರ ಕಿಂಡಿ ಬುಡದು. ನಂಗೂ ಹೊಸ್ದೇಯ, ವಿಡಿಯೋ ನೋಡ್ಕಂಡ್ ಮಾಡ್ತೀನಿ."

ಸ್ವಲ್ಪ ಹೊತ್ತಿಗೆ, ನಮ್ಮ ವೈಫೈಯಲ್ಲೇ ನೋಡುತ್ತಿದ್ದ ಆ ವಿಡಿಯೋವೇ ನಿಂತುಹೋಯಿತು. "ಅಯ್ಯೋ! ಯಾರ್ನೂ ಸೇರ್ಸ್ದೆ ಬಾಗ್ಲು ಹಾಕ್ಬುಟ್ಟೆ, ನಾನೂ ಆಚ್ಗೆ!"

"ದೊರೆಯಣ್ಣ, ಕಾವಲುಗಾರನೇ ಬೀದಿಪಾಲು" ಎಂದು ಅಮ್ಜದ್ ನಕ್ಕ.

"ನಗು ಕಣ್ಲಾ, ನಗು. ಗ್ವಾಡೆಗೆ ಚೀಟಿ ಅಂಟ್ಸಿದ್ದು ಯಾರ್ಲಾ?"

ರೂಟರಿನ ಹಿಂದಿನ ಸಣ್ಣ ತೂತಿಗೆ ಸೂಜಿ ಒತ್ತಿ ಮೊದಲಿನಿಂದ ಶುರು ಮಾಡಬೇಕಂತೆ. ಕ್ಯಾಲೆಂಡರಿಗೆ ಖುರ್ಷೀದ್ ಚುಚ್ಚಿಟ್ಟ ಸೂಜಿ ಅಲ್ಲೇ ಇತ್ತು, ಬಿಳಿ ದಾರದ ಸಮೇತ. ಕೈ ಚಾಚಿದವನು ಹಿಂದೆಗೆದೆ. "ಒತ್ತಿದರೆ ಅವಳ ದನಿ ಅಳಿಸಿಹೋದರೆ?"

ದೊರೆಸ್ವಾಮಿ ಡಿಸ್ಕನ್ನು ಬಿಡಿಸಿ ನನ್ನ ಅಂಗೈಯಲ್ಲಿಟ್ಟರು. "ಅಮ್ಮಾವ್ರು ನಿಮ್ ಕೈಲವ್ರೆ. ಡಬ್ಬಿ ಏನ್ ಬೇಕಾದ್ರೂ ಮರೀಲಿ ಬುಡಿ."

ದಾರ ತೆಗೆಯದೆಯೇ ಸೂಜಿ ಕೊಟ್ಟೆ.

ಈ ಸಲ ಮೊದಲು ದೊರೆಸ್ವಾಮಿಯವರ ಫೋನು, ಆಮೇಲೆ ನಮ್ಮವು ಸೇರಿದವು. ಪಾಸ್‌ವರ್ಡ್ ಬದಲಾಯಿತು. ಡಿಸ್ಕನ್ನು ಮತ್ತೆ ರೂಟರಿಗೆ ಸಿಕ್ಕಿಸಿದರು. ಹೊರಗಿನ ದಾರಿ ಫರಹತಳೊಬ್ಬಳಿಗೆ ಉಳಿಯಿತು. ಗೋಡೆಯ ಚೀಟಿಯನ್ನು ಅಮ್ಜದ್ ತಾನೇ ಕಿತ್ತ. ಮರುದಿನ ಬೆಳಗ್ಗೆ ಮಗಳು ಫೋನ್ ಮಾಡಿದಳು. "ಕೇಳಿಸ್ತಿದೆ ಅಬ್ಬಾ" ಎಂದಳು.

ನಿಮಗೇನು ಬೇಕು ಎಂದು ದೊರೆಸ್ವಾಮಿಯವರನ್ನು ಕೇಳಿದೆ. ಏಣಿ ಎತ್ತಿಕೊಳ್ಳುತ್ತಾ ಹೇಳಿದರು: "ನಮ್ಮವ್ವ ಮರಿತಾಯಮ್ಮ ಹೂ ಬುಡುಸ್ತಾ ಪದ ಹೇಳ್ತಾಳೆ. ಫೋನ್ ಎತ್ತುದ್ರೆ ಬಾಯಿ ಮುಚ್ಕತಾಳೆ. ಒಂದ್ಸಲ ಹಿಡ್ಕಬೇಕು ಮೇಷ್ಟ್ರೇ, ಅಷ್ಟೇಯ."

ಆ ತಾಯಿ ಬಹುಕಾಲ ಹಾಡಲಿ. ಕರುಣಾಮಯಿ ಅಲ್ಲಾಹನೇ, ಖುರ್ಷೀದಳಿಗೆ ನಿನ್ನ ಜನ್ನತ್ತಿನ ಬಾಗಿಲು ತೆರೆ. ಅವಳ ಕಬರಿನಲ್ಲಿ ಬೆಳಕಿರಲಿ, ನೆಮ್ಮದಿಯಿರಲಿ. ಆಮೀನ್.